ಬಾವಿಗೆ ಕಲ್ಲು ಕಟ್ಟುವ ಹೊತ್ತು

ಒಂದು ರೂಪಾಯಿಯ ಮೂರು ನಾಣ್ಯ, ಒಂದು ನೋಟ್‌ಬುಕ್, ಒಂದು ಪುಸ್ತಕ. ಚೀನಾದ ‘ಯಿ ಜಿಂಗ್’ ಜೊತೆ ಕೂರಲು ನನಗೆ ಬೇಕಾದದ್ದು ಇಷ್ಟೇ. ಐ ಚಿಂಗ್ ಎಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಝೌ ಅರಸರ ಕಾಲದಲ್ಲಿ ರೂಪುಗೊಂಡ ಶಕುನಗ್ರಂಥ ಅದು. ನನ್ನ ಹತ್ತಿರ ಇರುವುದು ರಿಚರ್ಡ್ ವಿಲ್‌ಹೆಲ್ಮ್ 1924ರಲ್ಲಿ ಪ್ರಕಟಿಸಿದ ಜರ್ಮನ್ ಅನುವಾದದ ಇಂಗ್ಲಿಷ್ ರೂಪ. ವಿಲ್‌ಹೆಲ್ಮ್ ಚೀನಾದ ಚಿಂಗ್‌ಡಾವ್ ಊರಿನಲ್ಲಿದ್ದಾಗ ಲಾವ್ ನಾಯ್‌ಷುವಾನ್ ಎಂಬ ಹಿರಿಯ ವಿದ್ವಾಂಸರ ಬಳಿ ಕೂತು ಈ ಗ್ರಂಥವನ್ನು ಓದಿದವರು. ಚೀನಿಯರು ಹೇಗೆ ಓದುತ್ತಿದ್ದರು ಎನ್ನುವುದರ ಜಾಡು ಅದರಲ್ಲಿ ಉಳಿದಿದೆ. ಅದಕ್ಕೇ ನನಗೆ ಆ ಪುಸ್ತಕವೇ ಇಷ್ಟ.

ಮೂರೂ ನಾಣ್ಯ ಒಟ್ಟಿಗೆ ಎಸೆಯುತ್ತೇನೆ. ಸಿಂಹ ಮೇಲೆ ಬಿದ್ದರೆ ಮೂರು, ಅಂಕಿ ಬಿದ್ದರೆ ಎರಡು. ಕೂಡಿದರೆ 6, 7, 8, 9ರಲ್ಲಿ ಒಂದು ಬರುತ್ತದೆ. ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ನಡುವೆ ತುಂಡಾದ ಗೆರೆ. 6 ಮತ್ತು 9 ಬಲಿತ ಗೆರೆಗಳು, ತಮ್ಮ ಎದುರಿನದಕ್ಕೆ ತಿರುಗಿಕೊಳ್ಳುತ್ತವೆ: ತುಂಡು ಗೆರೆ ಇಡಿಯಾಗುತ್ತದೆ, ಇಡೀ ಗೆರೆ ತುಂಡಾಗುತ್ತದೆ. ಹೀಗೆ ಆರು ಸಲ ಎಸೆದು, ಗೋಡೆ ಕಟ್ಟಿದಂತೆ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆದರೆ 64 ಆಕೃತಿಗಳಲ್ಲಿ ಒಂದು ಮೂಡುತ್ತದೆ. ಪ್ರತಿ ಆಕೃತಿಗೂ, ಅದರ ಒಂದೊಂದು ಗೆರೆಗೂ ಪುಸ್ತಕದಲ್ಲಿ ಒಂದು ಮಾತಿದೆ.

ನಾಣ್ಯಕ್ಕಿಂತ ಹಳೆಯ ಪದ್ಧತಿ ಒಣಗಿದ ಗಿಡದ ಕಡ್ಡಿಗಳದು. 50 ಕಡ್ಡಿ ತೆಗೆದುಕೊಂಡು, ಒಂದನ್ನು ಪಕ್ಕಕ್ಕಿಟ್ಟು, 49ನ್ನು ಎರಡು ಪಾಲು ಮಾಡಿ, ನಾಲ್ಕು ನಾಲ್ಕಾಗಿ ಎಣಿಸಬೇಕು. ಒಂದು ಗೆರೆಗೆ ಮೂರು ಸುತ್ತು, ಒಂದು ಆಕೃತಿಗೆ 18 ಸುತ್ತು. ತೆಂಗಿನ ಪೊರಕೆಯ ಕಡ್ಡಿಗಳಲ್ಲಿ ಮಾಡಿ ನೋಡಿದ್ದೇನೆ, ಅರ್ಧ ಗಂಟೆ ದಾಟಿತು. ಅಷ್ಟು ಹೊತ್ತು ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಕೂರುವುದು ಸಣ್ಣ ಮಾತಲ್ಲ. ನಾನು ಗಣಿತ ಹೇಳಿಕೊಡುವವಳಾದ್ದರಿಂದ ಇನ್ನೊಂದು ಸಂಗತಿಯೂ ಹಿಡಿಸಿತು. ನಾಣ್ಯದಲ್ಲಿ 6 ಮತ್ತು 9 ಬೀಳುವ ಸಾಧ್ಯತೆ ಸಮಸಮ, ಎಂಟರಲ್ಲಿ ಒಂದು. ಕಡ್ಡಿಯಲ್ಲಿ 9ಕ್ಕೆ ಹದಿನಾರರಲ್ಲಿ ಮೂರು, 6ಕ್ಕೆ ಹದಿನಾರರಲ್ಲಿ ಒಂದೇ ಒಂದು.

ನಾನು ಒಮ್ಮೆ ಈ ಗ್ರಂಥದ ಮುಂದೆ ಇಟ್ಟ ಸಮಸ್ಯೆ ಟ್ಯೂಷನ್. ಹಗಲು ಶಾಲೆ, ಬೆಳಿಗ್ಗೆ ಆರಕ್ಕೆ ಒಂದು ಗುಂಪು, ರಾತ್ರಿ ಎಂಟಕ್ಕೆ ಇನ್ನೊಂದು. ಸುಸ್ತಾಗಿ ಹೋಗಿದ್ದೆ. ನೋಟ್‌ಬುಕ್‌ನಲ್ಲಿ ಮೊದಲು ಬರೆದದ್ದು, “ಟ್ಯೂಷನ್ ಬಿಡಲೋ ಬೇಡವೋ?” ಹೌದು-ಇಲ್ಲ ಎನ್ನುವ ಪ್ರಶ್ನೆಗೆ ಈ ಗ್ರಂಥ ಒಗ್ಗುವುದಿಲ್ಲ. ದೇವರ ಮುಂದೆ ಹೂ ಪ್ರಸಾದ ಕೇಳಿದಾಗ ಎಡಕ್ಕೋ ಬಲಕ್ಕೋ ಬೀಳುತ್ತದಲ್ಲ, ಇದು ಆ ಬಗೆಯದಲ್ಲ. ಹೊಡೆದುಹಾಕಿ ಬರೆದೆ: “ಬಿಟ್ಟರೆ ಮಕ್ಕಳಿಗೆ ಅನ್ಯಾಯವೇ?” ಅದೂ ಸರಿಯೆನಿಸಲಿಲ್ಲ. ಕೊನೆಗೆ ಉಳಿದದ್ದು, “ನನ್ನ ಈ ಸುಸ್ತನ್ನು ನಾನು ಹೇಗೆ ನೋಡಬೇಕು?” ಅರ್ಧ ಕೆಲಸ ಅಲ್ಲಿಗೇ ಆಗಿತ್ತು. ಸುಸ್ತು ಎಂಬ ಪದವನ್ನು ಅಲ್ಲಿಯವರೆಗೆ ನಾನು ಯಾರ ಹತ್ತಿರವೂ ಆಡಿರಲಿಲ್ಲ.

ಬಿದ್ದದ್ದು 8, 7, 7, 6, 7, 8. ನಲವತ್ತೆಂಟನೆಯ ಆಕೃತಿ, ‘ಜಿಂಗ್’, ಅಂದರೆ ಬಾವಿ. ಊರನ್ನು ಬದಲಿಸಬಹುದು, ಬಾವಿಯನ್ನು ಬದಲಿಸಲಾಗದು ಎಂದು ಅದರ ಮಾತು ಶುರುವಾಗುತ್ತದೆ. ತಿರುಗುವ ಗೆರೆ ನಾಲ್ಕನೆಯದು. ಅಲ್ಲಿರುವುದು ಇಷ್ಟೇ: ಬಾವಿಗೆ ಒಳಗಿನಿಂದ ಕಲ್ಲು ಕಟ್ಟುತ್ತಿದ್ದಾರೆ, ದೋಷವಿಲ್ಲ.

ಓದುತ್ತಿದ್ದಂತೆ ಅಜ್ಜಿಮನೆಯ ಬಾವಿ ಕಣ್ಣಿಗೆ ಬಂತು. ಬೇಸಿಗೆಯಲ್ಲಿ ಹೂಳು ತೆಗೆಸಿ, ಒಳಗೋಡೆಯ ಸಡಿಲ ಕಲ್ಲುಗಳನ್ನು ಮತ್ತೆ ಕೂರಿಸುತ್ತಿದ್ದರು. ಆ ದಿನಗಳಲ್ಲಿ ರಾಟೆಗೆ ಹಗ್ಗವಿಲ್ಲ. ನೀರು ಪಕ್ಕದ ಮನೆಯಿಂದ ಬರುತ್ತಿತ್ತು. ಬಾವಿ ಮೋಸ ಮಾಡಿತು ಎಂದು ಯಾರೂ ಅನ್ನಲಿಲ್ಲ. ನನ್ನ ಕಣ್ಣು ತುಂಬಿಕೊಂಡಿತು, ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆ ಗೆರೆ ತಿರುಗಿದರೆ ಇಪ್ಪತ್ತೆಂಟನೆಯ ಆಕೃತಿ ಬರುತ್ತದೆ: ಮನೆಯ ನಡುತೊಲೆ ಬಾಗಿದೆ. ಕಾಗದದ ಮೇಲೇ ಕಾಣುತ್ತದೆ, ನಡುವೆ ನಾಲ್ಕು ಇಡೀ ಗೆರೆ, ಮೇಲೊಂದು ಕೆಳಗೊಂದು ತುಂಡು ಗೆರೆ. ನಡು ಭಾರ, ಎರಡೂ ತುದಿ ಮೆತ್ತಗೆ. ನನ್ನ ದಿನವೂ ಹಾಗೇ ಇತ್ತು. ಬೆಳಗಿನ ಮೊದಲ ಗಂಟೆ, ರಾತ್ರಿಯ ಕೊನೆಯ ಗಂಟೆ, ಎರಡೂ ನನ್ನವಲ್ಲ. ಇದನ್ನು ನಾಣ್ಯಗಳು ಬಲ್ಲವು ಎಂದು ನಾನು ನಂಬುವುದಿಲ್ಲ. ಎದುರಿಗೊಂದು ಚಿತ್ರ ಬಂದಾಗ, ಒಳಗೆ ಬಚ್ಚಿಟ್ಟದ್ದು ಆ ಚಿತ್ರದ ಮೇಲೆ ಬಂದು ಕೂರುತ್ತದೆ, ಅಷ್ಟನ್ನು ನಂಬುತ್ತೇನೆ. ಅದಕ್ಕೇ ಪುಸ್ತಕದ ವಿವರಣೆ ಓದುವ ಮೊದಲು ಆಕೃತಿಯ ಚಿತ್ರ ನೋಡಿ ನನಗೆ ತೋಚಿದ್ದನ್ನು ಬರೆದುಕೊಳ್ಳುತ್ತೇನೆ. ಶುರು ಮಾಡುವವರಿಗೆ ನಾನು ಹೇಳುವುದೂ ಇದನ್ನೇ.

ಒಂದು ತಪ್ಪನ್ನೂ ಹೇಳಬೇಕು. ವಾರದ ನಂತರ, ಧೈರ್ಯ ಸಾಲದೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಬಂದ ಉತ್ತರ ಬೇರೆಯೇ ಆಗಿತ್ತು, ಎರಡು ದಿನ ಗೊಂದಲದಲ್ಲಿ ಕಳೆದೆ. ನಾಲ್ಕನೆಯ ಆಕೃತಿ ‘ಮೆಂಗ್’ ಇದನ್ನು ಮೊದಲೇ ಹೇಳಿದೆ: ಮೊದಲ ಸಲ ಕೇಳಿದರೆ ತಿಳಿಸುತ್ತೇನೆ, ಎರಡು ಮೂರು ಸಲ ಕೇಳಿದರೆ ಅದು ಪೀಡಿಸಿದಂತೆ, ತಿಳಿಸುವುದಿಲ್ಲ. ಎರಡನೆಯ ಉತ್ತರ ಬರೆದಿದ್ದ ಪುಟವನ್ನು ಅಡ್ಡಗೆರೆ ಎಳೆದು ಬಿಟ್ಟೆ.

ಫೆಬ್ರವರಿಯಲ್ಲಿ ಟ್ಯೂಷನ್ ನಿಲ್ಲಿಸಿದೆ. ಪರೀಕ್ಷೆ ಹತ್ತಿರವಿದ್ದ ಮಕ್ಕಳನ್ನು ಅದಕ್ಕೆ ಮೊದಲೇ ಗೆಳತಿಯೊಬ್ಬಳ ಬಳಿಗೆ ಕಳಿಸಿದ್ದೆ, ಪಕ್ಕದ ಮನೆಯ ನೀರು ಅದು. ಜೂನ್‌ನಲ್ಲಿ ಆರು ಮಕ್ಕಳೊಂದಿಗೆ ಮತ್ತೆ ಶುರು ಮಾಡಿದೆ, ಸಂಜೆ ಐದಕ್ಕೆ. ಆ ಸಲ ನಾಣ್ಯ ಎಸೆಯಲಿಲ್ಲ.