ಕೊಡಗಿನ ಅತಿಮಳೆ: ದತ್ತಾಂಶದಿಂದ ಟ್ರೆಂಡ್‌ವರೆಗೆ ನಾನು ಮಾಡುವ ಕ್ರಮ

ಕೊಡಗಿನಲ್ಲಿ ಅತಿಮಳೆ ನಿಜವಾಗಿ ಹೆಚ್ಚಿದೆಯೇ ಎಂದು ನೋಡಲು ನಾನು ಭಾರತೀಯ ಹವಾಮಾನ ಇಲಾಖೆಯ ಗ್ರಿಡ್ ದತ್ತಾಂಶದಿಂದ, ಅಂದರೆ ಮಳೆಮಾಪನ ಕೇಂದ್ರಗಳ ಅಂಕಿಗಳಿಂದ ನಕ್ಷೆಯ ಪ್ರತಿ ಚೌಕಕ್ಕೂ ಲೆಕ್ಕಹಾಕಿದ ಮಳೆಯಿಂದ, ಶುರುಮಾಡುತ್ತೇನೆ. 1901ರಿಂದ ಈಚಿನ ದಿನವಹಿ ಮಳೆ, 0.25 ಡಿಗ್ರಿಯ ಚೌಕಗಳಲ್ಲಿ. ವರ್ಷಕ್ಕೊಂದು ಫೈಲು, ದಿನಕ್ಕೆ 135 × 129 ಬಿಂದುಗಳು. ಪೈಥಾನ್‌ನಲ್ಲಿ ತೆರೆದ ಕೂಡಲೇ -999 ಇರುವಲ್ಲೆಲ್ಲ ಖಾಲಿ ಎಂದು ಗುರುತಿಸಬೇಕು. ಮರೆತರೆ ಕರಾವಳಿಯ ಸರಾಸರಿ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಹೆಚ್ಚು ಜನ ಎಡವುವುದು ಗಡಿಯಾರದಲ್ಲಿ. ನಮ್ಮ ಮಳೆಮಾಪಕದ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಆಗಸ್ಟ್ 16ರ ಅಂಕಿಯೆಂದರೆ 15ರ ಬೆಳಿಗ್ಗೆ 8.30ರಿಂದ ಸುರಿದದ್ದು. ಹೋಲಿಕೆಗೆ ಬಳಸುವ ಇಆರ್‌ಎ5 ಮರುವಿಶ್ಲೇಷಣೆ (ಹಳೆಯ ವೀಕ್ಷಣೆಗಳನ್ನು ಹವಾಮಾನ ಮಾದರಿಯೊಂದಿಗೆ ಬೆಸೆದು ಮಾಡಿದ ಗಂಟೆವಾರು ದತ್ತಾಂಶ) ಗ್ರೀನಿಚ್ ಸಮಯದಲ್ಲಿರುತ್ತದೆ, ಪ್ರತಿ ಅಂಕಿಯ ಮೇಲೆ ಆ ಗಂಟೆಯ ಕೊನೆಯ ವೇಳೆ ಇರುತ್ತದೆ. ಆದ್ದರಿಂದ 15ರ 04 ಗಂಟೆಯಿಂದ 16ರ 03 ಗಂಟೆಯವರೆಗಿನ 24 ಅಂಕಿ ಕೂಡಿಸಿ, ಮೀಟರನ್ನು ಮಿ.ಮೀ. ಮಾಡಲು 1000ದಿಂದ ಗುಣಿಸುತ್ತೇನೆ.

ದಿನಕ್ಕೆ 204.5 ಮಿ.ಮೀ. ಅಥವಾ ಹೆಚ್ಚಾದರೆ 'ಅತ್ಯಂತ ಭಾರಿ ಮಳೆ' ಎನ್ನುವುದು ಮಳೆಮಾಪನ ಕೇಂದ್ರದ ಅಳತೆಗೆ ಹೊಂದುವ ಮಿತಿ. ಗ್ರಿಡ್ ಚೌಕದ ಸರಾಸರಿಯಲ್ಲಿ ಅತಿ ಹೆಚ್ಚಿನ ಅಂಕಿಗಳು ಸವೆದಿರುತ್ತವೆ. ಹಾಗಾಗಿ ಅಲ್ಲಿ 2.5 ಮಿ.ಮೀ. ಮೀರಿದ ದಿನಗಳ 99ನೇ ಪರ್ಸೆಂಟೈಲ್ (ಅಂಥ ನೂರು ದಿನಗಳಲ್ಲಿ ಒಂದು ದಿನ ಮಾತ್ರ ಮೀರುವ ಅಂಕಿ) ಬಳಸುತ್ತೇನೆ. ಜೊತೆಗೆ ವರ್ಷದ ಗರಿಷ್ಠ 1 ದಿನದ ಮತ್ತು 3 ದಿನದ ಮಳೆ. ಗುಡ್ಡ ಕುಸಿತದ ಮಟ್ಟಿಗೆ 3 ದಿನದ್ದೇ ಮುಖ್ಯ. 2018ರ ಆಗಸ್ಟ್‌ನಲ್ಲಿ ದಿನಗಟ್ಟಲೆ ನೆನೆದ ಮಣ್ಣೇ ಜಾರಿದ್ದು. ಭಾಗಮಂಡಲವನ್ನೂ ಕುಶಾಲನಗರವನ್ನೂ ಒಂದೇ ಸರಾಸರಿಗೆ ಸೇರಿಸಲೇಬಾರದು, ಘಟ್ಟದ ನೆತ್ತಿಗೂ ಮಳೆನೆರಳಿಗೂ ಅಜಗಜಾಂತರ.

ಟ್ರೆಂಡ್ ಇದೆಯೇ ಎಂದು ನೋಡಲು ಮನ್-ಕೆಂಡಾಲ್ ಪರೀಕ್ಷೆ, ಅದರ ವೇಗ ಅಳೆಯಲು ಸೆನ್ ಇಳಿಜಾರು. ವರ್ಷದ ಗರಿಷ್ಠ ಮಳೆಗೆ ಜಿಇವಿ (ಗರಿಷ್ಠ ಅಂಕಿಗಳು ಹೇಗೆ ಹಂಚಿಕೆಯಾಗುತ್ತವೆ ಎಂದು ತೋರುವ ಸಂಖ್ಯಾಶಾಸ್ತ್ರದ ಸೂತ್ರ) ಹೊಂದಿಸುವಾಗ ಇಸವಿಯ ಬದಲು ಜಾಗತಿಕ ಸರಾಸರಿ ತಾಪಮಾನವನ್ನೇ ಚರಾಂಶವಾಗಿ ಇಡುತ್ತೇನೆ. ತಾಪ ಏರಿದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಫಲಿತಾಂಶ ಅದಕ್ಕಿಂತ ಬಹಳ ದೂರ ಹೋದರೆ ಮೊದಲು ಅನುಮಾನಿಸುವುದು ದತ್ತಾಂಶವನ್ನು. ಹತ್ತಿರದ ಮಾಪಕ ಮುಚ್ಚಿದರೆ ದೂರದ ಕೇಂದ್ರದ ಅಂಕಿ ಆ ಚೌಕವನ್ನು ತುಂಬುತ್ತದೆ, ಇಲ್ಲದ ಇಳಿಕೆ ಕಾಣಬಹುದು. ಅದಕ್ಕೇ ನಿರಂತರ ದಾಖಲೆಯಿರುವ ಕೇಂದ್ರಗಳಲ್ಲಿ ಲೆಕ್ಕವನ್ನು ಮತ್ತೊಮ್ಮೆ ಮಾಡುತ್ತೇನೆ.

ಕೇಂದ್ರದ ದಾಖಲೆಯಲ್ಲೂ ಬಲೆಗಳಿವೆ. ಜುಲೈ ನಡುವೆ ಮೂರು ದಿನ ಸೊನ್ನೆ, ನಾಲ್ಕನೇ ದಿನ 310 ಮಿ.ಮೀ. ಕಂಡರೆ, ಮಾಪಕ ಓದದೆ ಒಟ್ಟಿಗೆ ಬರೆದಿರಬಹುದು. ಆ ಸೊನ್ನೆಯ ದಿನಗಳಲ್ಲಿ ಪಕ್ಕದ ಕೇಂದ್ರಗಳಲ್ಲಿ ಮಳೆಯಾಗಿದ್ದರೆ, ಅದನ್ನು 1 ಮತ್ತು 3 ದಿನದ ಸರಣಿಯಿಂದ ತೆಗೆದು ತಿಂಗಳ ಮೊತ್ತದಲ್ಲಿ ಮಾತ್ರ ಉಳಿಸುತ್ತೇನೆ.