ಬ್ಲಿಟ್ಜ್ ಆಟಗಾರರು ತಮ್ಮ ಆಟವನ್ನು ತಾವೇ ಓದಿಕೊಳ್ಳುವ ಕ್ರಮ

ಆನ್‌ಲೈನ್‌ನಲ್ಲಿ ಬ್ಲಿಟ್ಜ್, ಎಂದರೆ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಗುವ ಚದುರಂಗ, ಆಡುವವರು ಸೋತ ಆಟವನ್ನು ತಿರುಗಿ ನೋಡುವುದು ಕಡಿಮೆ. ನೋಡಿದರೂ ನೇರವಾಗಿ ಮಂತ್ರಿಯನ್ನೋ ಆನೆಯನ್ನೋ ಕಳೆದುಕೊಂಡ ನಡೆಗೆ ಹೋಗಿ, ಇಲ್ಲಿ ಕಣ್ತಪ್ಪಿತು ಎಂದುಕೊಂಡು ಮುಂದಿನ ಆಟಕ್ಕೆ ಕೂರುತ್ತಾರೆ. ಗಡಿಯಾರದಲ್ಲಿ 10 ಸೆಕೆಂಡು ಉಳಿದಿರುವಾಗ ಯಾರ ಕಣ್ಣಾದರೂ ತಪ್ಪುತ್ತದೆ. ಮೂರು ನಿಮಿಷದ ಆಟದಲ್ಲಿ ಅದಕ್ಕೂ ಮೊದಲಿನ 170 ಸೆಕೆಂಡುಗಳನ್ನು ಯಾವ ಯಾವ ನಡೆಗೆ ಕೊಟ್ಟೆವು ಎಂಬುದರಲ್ಲಿ ನಮ್ಮ ಬಲವೂ ಅಭ್ಯಾಸವೂ ಕೊರತೆಯೂ ಬರೆದಿಟ್ಟಂತೆ ಸಿಗುತ್ತವೆ. ಆದ್ದರಿಂದ ನಡೆಗಳ ಜೊತೆಗೆ ಗಡಿಯಾರವನ್ನೂ ಓದಬೇಕು. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಒಂದೇ ಸಮಯಮಿತಿಯಲ್ಲಿ ಆಡಿದ ಇತ್ತೀಚಿನ 40 ಆಟಗಳನ್ನು ಆರಿಸಿಕೊಳ್ಳಿ. ಒಂದು ನಿಮಿಷದ ಬುಲೆಟ್ ಆಟಗಳನ್ನು ಇವುಗಳ ಜೊತೆ ಬೆರೆಸಬೇಡಿ, ಗೆದ್ದ ಆಟಗಳನ್ನು ಕೈಬಿಡಲೂ ಬೇಡಿ. ಚದುರಂಗ ಆಡುವ ತಾಣವಾದ ಲಿಚೆಸ್‌ನಲ್ಲಿ ಮುಗಿದ ಆಟದ ವಿಶ್ಲೇಷಣೆಯನ್ನು ತೆರೆದರೆ ಪ್ರತಿ ನಡೆಗೆ ಹಿಡಿದ ಸಮಯದ ನಕ್ಷೆ ಹಣ ಕೊಡದೆಯೇ ಸಿಗುತ್ತದೆ, ಇನ್ನೊಂದು ತಾಣ ಚೆಸ್.ಕಾಂನಲ್ಲಿಯೂ ನಡೆಗಳ ಪಟ್ಟಿಯ ಪಕ್ಕದಲ್ಲಿ ಸಮಯ ಕಾಣುತ್ತದೆ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಆಟಕ್ಕೆ ಒಂದು ಸಾಲಿನಂತೆ, ಆಡಿದ ಹೊತ್ತು, ಬಣ್ಣ, ಆರಂಭದ (ಮೊದಲ ಕೆಲವು ನಡೆಗಳ ಕ್ರಮದ) ಹೆಸರು, ಅತಿ ಹೆಚ್ಚು ಸಮಯ ತಿಂದ ಎರಡು ನಡೆಗಳು, 20ನೇ ನಡೆಯ ಹೊತ್ತಿಗೆ ಇಬ್ಬರ ಗಡಿಯಾರದಲ್ಲಿ ಉಳಿದಿದ್ದ ಸಮಯ ಮತ್ತು ಆಟ ಮುಗಿದ ಬಗೆಯನ್ನು ಬರೆಯಿರಿ. ಇದನ್ನು ಕೈಯಲ್ಲಿಯೇ ಬರೆಯಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಪರದೆಯ ಮೇಲೆ ಬೆರಳಾಡಿಸಿ ದಾಟಿಹೋಗುವ ಸಂಗತಿಯನ್ನು ಬರೆಯುವಾಗ ಒಂದು ಕ್ಷಣವಾದರೂ ನಿಂತು ನೋಡಲೇಬೇಕಾಗುತ್ತದೆ.

ಮೂಡಿಗೆರೆಯಲ್ಲಿರುವ ನನ್ನ ಅಕ್ಕನ ಮಗ ಹೀಗೆ ಬರೆದ ನೋಟ್‌ಬುಕ್ಕನ್ನು ಚಿಕ್ಕಮಗಳೂರಿಗೆ ತಂದು ನನಗೆ ತೋರಿಸಿದ್ದ. ತನ್ನ ಕೊನೆಯಾಟ (ಹಾಸಿನ ಮೇಲೆ ಕೆಲವೇ ಕಾಯಿಗಳು ಉಳಿದಾಗಿನ ಆಟ) ಕೆಟ್ಟದ್ದು, ಅದನ್ನೇ ಕಲಿಯಬೇಕು ಎಂಬುದು ಅವನ ನಂಬಿಕೆಯಾಗಿತ್ತು. ನೋಟ್‌ಬುಕ್ ಬೇರೆಯದನ್ನೇ ಹೇಳುತ್ತಿತ್ತು. ಕಪ್ಪು ಕಾಯಿಗಳಲ್ಲಿ ಆಡಿ ಸೋತ ಆಟಗಳ ಪೈಕಿ ನಾಲ್ಕರಲ್ಲಿ ಒಂದೇ ಸ್ಥಾನ ಮತ್ತೆ ಮತ್ತೆ ಬಂದಿತ್ತು. (ಹಾಸಿನ ಮನೆಗಳನ್ನು ಎಯಿಂದ ಎಚ್‌ವರೆಗಿನ ಉದ್ದಸಾಲು ಮತ್ತು 1ರಿಂದ 8ರವರೆಗಿನ ಅಡ್ಡಸಾಲಿನ ಹೆಸರಿನಿಂದ ಹೇಳುತ್ತಿದ್ದೇನೆ.) ಬಿಳಿಯ ಪದಾತಿ ಇ4, ಕಪ್ಪು ಇ5. ಬಿಳಿಯ ಕುದುರೆ ಎಫ್3, ಕಪ್ಪಿನದು ಸಿ6. ಬಿಳಿಯ ಒಂಟೆ ಸಿ4, ಕಪ್ಪಿನ ಎರಡನೇ ಕುದುರೆ ಎಫ್6. ಇಲ್ಲಿ ಬಿಳಿಯ ಕುದುರೆ ಜಿ5ಕ್ಕೆ ನುಗ್ಗಿ ಎಫ್7ರ ಮೇಲೆ ಕಣ್ಣಿಡುತ್ತದೆ, ಕಪ್ಪು ಡಿ5 ಆಡುತ್ತದೆ, ಬಿಳಿ ಆ ಪದಾತಿಯನ್ನು ಹೊಡೆಯುತ್ತದೆ. ಈಗ ಕಪ್ಪಿನ ಐದನೇ ನಡೆ. ನಾಲ್ಕೂ ಆಟಗಳಲ್ಲಿ ಅವನು ಈ ಒಂದು ನಡೆಗೆ ಸುಮಾರು ಅರ್ಧ ನಿಮಿಷ ಯೋಚಿಸಿ, ಕೊನೆಗೆ ಎಫ್6ರ ಕುದುರೆಯಿಂದ ಡಿ5ರ ಪದಾತಿಯನ್ನು ಹೊಡೆದಿದ್ದ. ಹಾಗೆ ಹೊಡೆದರೆ ಬಿಳಿ ತನ್ನ ಕುದುರೆಯನ್ನು ಎಫ್7ರಲ್ಲಿ ಬಲಿಕೊಟ್ಟು, ಮಂತ್ರಿಯನ್ನು ಎಫ್3ಕ್ಕೆ ತಂದು ಚೆಕ್ ಕೊಡುತ್ತದೆ; ಡಿ5ರ ಕುದುರೆಯನ್ನು ಉಳಿಸಿಕೊಳ್ಳಬೇಕಾದರೆ ಕಪ್ಪು ರಾಜ ಇ6ಕ್ಕೆ, ಎಂದರೆ ಹಾಸಿನ ನಡುಮಧ್ಯಕ್ಕೆ ಬಂದು ನಿಲ್ಲಬೇಕು. ಮೂರು ನಿಮಿಷದ ಆಟದಲ್ಲಿ ಅಂಥ ರಾಜನನ್ನು ಕಾಯುವುದು ಬಹಳ ಕಷ್ಟ. ಸರಿಯಾದ ನಡೆ ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟು ಒಂಟೆಯನ್ನು ಕೆಣಕುವುದು. ಒಂಟೆ ಬಿ5ರಿಂದ ಚೆಕ್ ಕೊಟ್ಟರೆ ಸಿ6ಕ್ಕೆ ಪದಾತಿ ತಳ್ಳಬೇಕು; ಒಂದು ಪದಾತಿ ಕಡಿಮೆಯಾದರೂ ಕಪ್ಪಿನ ಕಾಯಿಗಳು ಬೇಗ ಹೊರಬರುತ್ತವೆ.

ಆಟ ಹಾಳಾದದ್ದು ಎಷ್ಟೋ ನಡೆಗಳ ನಂತರ ಕೊನೆಯಾಟದಲ್ಲಿ ಎಂದು ಅವನಿಗೆ ಕಂಡಿದ್ದರೂ, ಐದನೇ ನಡೆಯಲ್ಲಿ ಅರ್ಧ ನಿಮಿಷವೂ ರಾಜನ ನೆಮ್ಮದಿಯೂ ಒಟ್ಟಿಗೇ ಹೋಗಿದ್ದವು. ಇಂಥ ಸ್ಥಾನವನ್ನು ಗುರುತಿಸಿದ ಮೇಲೆ ಮಾಡಬೇಕಾದ ಕೆಲಸ ಒಂದು ಸಂಜೆಯದು ಅಷ್ಟೆ. ಆರಂಭದ ಇಡೀ ಸಿದ್ಧಾಂತವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಿಮ್ಮ ಆಟದಲ್ಲಿ ಮೂರು ಸಲವಾದರೂ ಬಂದ, ಪ್ರತಿ ಸಲವೂ ಹೆಚ್ಚು ಸಮಯ ತಿಂದ ಸ್ಥಾನಗಳಿಗೆ ಮಾತ್ರ ಒಂದೊಂದು ಉತ್ತರವನ್ನು, ಅದರ ಹಿಂದಿನ ಕಾರಣದ ಸಮೇತ, ಗಟ್ಟಿಮಾಡಿಕೊಳ್ಳಿ.

ಗಡಿಯಾರದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. ಆಟ 40 ನಡೆ ನಡೆಯುತ್ತದೆ ಎಂದುಕೊಂಡರೆ, ಹೆಚ್ಚುವರಿ ಸೆಕೆಂಡು ಇಲ್ಲದ ಮೂರು ನಿಮಿಷದ ಆಟದಲ್ಲಿ ಒಂದು ನಡೆಗೆ ಸಿಗುವುದು ನಾಲ್ಕೂವರೆ ಸೆಕೆಂಡು. ಪ್ರತಿ ನಡೆಗೆ 2 ಸೆಕೆಂಡು ಸೇರುವ ಮೂರು ನಿಮಿಷದ ಆಟದಲ್ಲಿ ಅದು ಆರೂವರೆಯಾಗುತ್ತದೆ, 3 ಸೆಕೆಂಡು ಸೇರುವ ಐದು ನಿಮಿಷದ ಆಟದಲ್ಲಿ ಹತ್ತೂವರೆ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ ನಡೆಸುವ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್ ಕೂಡ 3 ನಿಮಿಷಕ್ಕೆ 2 ಸೆಕೆಂಡು ಸೇರುವ ಮಿತಿಯಲ್ಲೇ ನಡೆಯುತ್ತದೆ. ಕಲಿಯುವ ಉದ್ದೇಶವಿರುವವರು ಹೆಚ್ಚುವರಿ ಸೆಕೆಂಡು ಇರುವ ಮಿತಿಯನ್ನೇ ಆಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಲೆನಾಡಿನವರಿಗೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಜುಲೈ ತಿಂಗಳ ಮಳೆಯಲ್ಲಿ ಕರೆಂಟ್ ಹೋಗಿ, ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗಿ, ಕಿಟಕಿಯ ಬಳಿ ಫೋನ್ ಇಟ್ಟುಕೊಂಡು ಆಡುವ ಮನೆಗಳಲ್ಲಿ ಸಂಪರ್ಕ ಕಡಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ಅಂಥ ಸೋಲುಗಳನ್ನು ನೋಟ್‌ಬುಕ್‌ನಲ್ಲಿ ಬೇರೆಯಾಗಿ ಗುರುತಿಸಿ, ಆಟದ ದೋಷಗಳ ಲೆಕ್ಕಕ್ಕೆ ಸೇರಿಸಬೇಡಿ.

ಬಲವನ್ನು ಗುರುತಿಸುವುದು ದೋಷ ಹುಡುಕುವುದಕ್ಕಿಂತ ಕಷ್ಟದ ಕೆಲಸ. ಗೆದ್ದ ಪ್ರತಿ ಆಟದ ಮುಂದೆಯೂ, ಈ ಗೆಲುವು ನಾನು ಕಟ್ಟಿದ್ದೋ ಎದುರಾಳಿ ಕೊಟ್ಟಿದ್ದೋ ಎಂದು ಕೇಳಿಕೊಂಡು ಪ್ರಾಮಾಣಿಕವಾಗಿ ಉತ್ತರ ಬರೆಯಬೇಕು. ಎದುರಾಳಿ ಮಂತ್ರಿಯನ್ನು ಬಿಟ್ಟುಕೊಟ್ಟ ಆಟದಿಂದ ನಿಮ್ಮ ಬಲ ಏನೆಂದು ತಿಳಿಯುವುದಿಲ್ಲ. ನೀವು ಬೇಗ ಬೇಗ ಆಡಿಯೂ ಸರಿಯಾಗಿ ಆಡಿದ ಹಂತ ಯಾವುದು ಎಂದು ನೋಡಿದರೆ ತಿಳಿಯುತ್ತದೆ. ನನ್ನ ಅಕ್ಕನ ಮಗನ ಗೆಲುವುಗಳಲ್ಲಿ ಆನೆ ಮತ್ತು ಪದಾತಿಗಳು ಮಾತ್ರ ಉಳಿದ ಸ್ಥಾನಗಳನ್ನು ಅವನು ಎರಡೆರಡು ಸೆಕೆಂಡಿನಲ್ಲಿ ತಪ್ಪಿಲ್ಲದೆ ಆಡಿದ್ದ. ಚಿಕ್ಕಂದಿನಲ್ಲಿ ತಾತನ ಜೊತೆ ಮರದ ಹಾಸಿನ ಮೇಲೆ ಆಡಿ ಕಲಿತದ್ದು ಕೈಯಲ್ಲಿ ಉಳಿದಿತ್ತು. ತನ್ನ ದೌರ್ಬಲ್ಯವೆಂದು ಅವನು ನಂಬಿದ್ದ ಕೊನೆಯಾಟವೇ ಅವನ ಬಲ ಎಂದು ಇದರಿಂದ ಗೊತ್ತಾಯಿತು. ಅಂಥವರು ಒಂದು ಪದಾತಿ ಹೆಚ್ಚಾದ ಕೂಡಲೇ ಮಂತ್ರಿಗಳನ್ನು ಬದಲಾಯಿಸಿಕೊಂಡು ಆಟವನ್ನು ತಮಗೆ ಪರಿಚಯವಿರುವ ಜಾಗಕ್ಕೆ ತರಬೇಕು. ಲಿಚೆಸ್‌ನ ಪಜಲ್ ಡ್ಯಾಶ್‌ಬೋರ್ಡ್ ಕೂಡ ಯಾವ ಬಗೆಯ ತಂತ್ರದಲ್ಲಿ ನೀವು ಚುರುಕು, ಯಾವುದರಲ್ಲಿ ಹಿಂದೆ ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಅದನ್ನು ನೋಟ್‌ಬುಕ್ಕಿನ ಜೊತೆ ಹೋಲಿಸಿ ನೋಡಿ.

ಅಭ್ಯಾಸಗಳ ವಿಷಯಕ್ಕೆ ಬಂದರೆ, ಆಡಿದ ಹೊತ್ತಿನ ಕಾಲಂ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಹಗಲೆಲ್ಲ ಕಣದಲ್ಲಿ ಕಾಫಿ ಹರವಿ, ಸಂಜೆ ರಾಶಿ ಮಾಡಿ ಮುಚ್ಚಿ, ಊಟ ಮುಗಿಸಿ, ರಾತ್ರಿ 11 ಗಂಟೆಗೆ ಹಾಸಿಗೆಯಲ್ಲಿ ಮಲಗಿಕೊಂಡು ಆಡುವ ಹುಡುಗನ ಆಟವೂ ಭಾನುವಾರ ಬೆಳಿಗ್ಗೆ ಅದೇ ಹುಡುಗ ಆಡುವ ಆಟವೂ ಒಂದೇ ಆಗಿರಲು ಸಾಧ್ಯವಿಲ್ಲ. ನನ್ನ ಅಕ್ಕನ ಮಗನ ಸೋಲಿನ ಸರಣಿಗಳೆಲ್ಲ ರಾತ್ರಿಯವೇ ಆಗಿದ್ದವು. ಸೋತ ಸಿಟ್ಟಿನಲ್ಲಿ ಅದೇ ಎದುರಾಳಿಯೊಡನೆ ತಕ್ಷಣ ಮತ್ತೊಂದು ಆಟಕ್ಕೆ ಒಪ್ಪಿ, ಅದನ್ನೂ ಸೋತು ಮೂರನೆಯದಕ್ಕೆ ಕೂರುವ ಅಭ್ಯಾಸ ನಿಮ್ಮಲ್ಲಿಯೂ ಕಂಡರೆ, ಸತತ ಎರಡು ಸೋಲಾದರೆ ಅಂದಿಗೆ ಆಟ ಸಾಕು ಎಂಬ ಕಟ್ಟುನಿಟ್ಟಿನ ನಿಯಮ ಮಾಡಿಕೊಳ್ಳಿ. ನನಗೆ ಗೊತ್ತಿರುವಂತೆ ಇದಕ್ಕೆ ಬೇರೆ ಮದ್ದಿಲ್ಲ.

ಪ್ರೀಮೂವ್, ಎಂದರೆ ಎದುರಾಳಿ ಆಡುವ ಮೊದಲೇ ನಮ್ಮ ಮುಂದಿನ ನಡೆಯನ್ನು ಇಟ್ಟುಬಿಡುವ ವಿಚಾರದಲ್ಲಿಯೂ ಎಚ್ಚರ ಬೇಕು. ಎದುರಾಳಿ ನಿಮ್ಮ ಕಾಯಿಯನ್ನು ಹೊಡೆದರೆ ತಿರುಗಿ ಹೊಡೆಯುವ ನಡೆಯನ್ನು ಮೊದಲೇ ಇಡುವುದರಲ್ಲಿ ಹೆಚ್ಚಿನ ಅಪಾಯವಿಲ್ಲ. ಅವನು ಹೊಡೆಯದಿದ್ದರೆ ಆ ಮನೆಯಲ್ಲಿ ನಿಮ್ಮದೇ ಕಾಯಿ ಇರುವುದರಿಂದ ಪ್ರೀಮೂವ್ ತಾನಾಗಿ ರದ್ದಾಗುತ್ತದೆ. ಆದರೆ ಎದುರಾಳಿಯ ಒಂಟಿ ರಾಜನ ವಿರುದ್ಧ ಮಂತ್ರಿಯನ್ನು ಹೀಗೆ ಕುರುಡಾಗಿ ಓಡಿಸಿದರೆ ಸ್ಟೇಲ್‌ಮೇಟ್ ಆಗಿ (ಚೆಕ್ ಇಲ್ಲದಿದ್ದರೂ ಅವನಿಗೆ ಆಡಲು ನಡೆಯೇ ಇಲ್ಲದಂತಾಗಿ) ಗೆದ್ದ ಆಟ ಡ್ರಾ ಆಗುವುದುಂಟು. ಎದುರಾಳಿಯ ಬಳಿ ಬರೀ ರಾಜನಿದ್ದಾಗ ನಿಮ್ಮ ಸಮಯ ಮುಗಿದರೂ ಆಟ ಡ್ರಾ ಆಗುತ್ತದೆಯೇ ಹೊರತು ಸೋಲಾಗುವುದಿಲ್ಲ. ಈ ನಿಯಮ ಗೊತ್ತಿದ್ದರೆ ಕೊನೆಯ ಸೆಕೆಂಡುಗಳಲ್ಲಿ ಕೈ ನಡುಗುವುದು ಕಡಿಮೆಯಾಗುತ್ತದೆ.

ಕಂಪ್ಯೂಟರ್ ವಿಶ್ಲೇಷಣೆಯನ್ನು ನೀವೇ ಆಟವನ್ನು ಒಮ್ಮೆ ಓದಿದ ನಂತರ ತೆರೆಯಿರಿ. ಅದು ತೋರಿಸುವ ಪ್ರತಿ ತಪ್ಪಿಗೂ ಒಂದೇ ತೂಕ ಕೊಡಬೇಡಿ. ಹತ್ತು ನಡೆ ಆಳದ ತಂತ್ರ ಕಾಣದಿರುವುದು ಬ್ಲಿಟ್ಜ್‌ನಲ್ಲಿ ತಪ್ಪೇ ಅಲ್ಲ, ಆದರೆ ಒಂದೇ ನಡೆಯಲ್ಲಿ ಹೋಗುವ ಕಾಯಿಯನ್ನೋ ಕೊನೆಯ ಸಾಲಿನಲ್ಲಿ ಆನೆಯಿಂದ ಆಗುವ ಚೆಕ್‌ಮೇಟನ್ನೋ ಕಾಣದಿರುವುದನ್ನು ತಿದ್ದಿಕೊಳ್ಳಲೇಬೇಕು.

ಕೊನೆಯಾಟ ನಿಜವಾಗಿಯೂ ದುರ್ಬಲವಾಗಿರುವವರು ಮೂರು ವಿಷಯಗಳಿಂದ ಶುರುಮಾಡಬಹುದು. ರಾಜ ಮತ್ತು ಆನೆಯಿಂದ ಒಂಟಿ ರಾಜನಿಗೆ ಚೆಕ್‌ಮೇಟ್ ಕೊಡುವುದನ್ನು ಲಿಚೆಸ್‌ನ ಕಂಪ್ಯೂಟರ್ ಎದುರು ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿ. ಎರಡು ರಾಜರು ನಡುವೆ ಒಂದೇ ಮನೆ ಬಿಟ್ಟು ಎದುರುಬದುರಾಗಿ ನಿಂತಾಗ, ನಡೆಯುವ ಸರದಿ ಯಾರದೋ ಅವರೇ ದಾರಿ ಬಿಡಬೇಕಾಗುತ್ತದೆ ಎಂಬುದನ್ನು ಹಾಸಿನ ಮೇಲೆ ಕಾಯಿ ಇಟ್ಟು ಮನವರಿಕೆ ಮಾಡಿಕೊಳ್ಳಿ. ಎ ಅಥವಾ ಎಚ್ ಸಾಲಿನ ಒಂದೇ ಪದಾತಿ ಉಳಿದಿರುವಾಗ ಎದುರಾಳಿಯ ರಾಜ ಅದರ ಮುಂದಿನ ಮೂಲೆ ಸೇರಿದರೆ ಆಟ ಡ್ರಾ ಎಂಬುದನ್ನು ನೆನಪಿಡಿ.

ಹೀಗೆ ಐದಾರು ದೋಷಗಳು ಕಂಡರೂ ಒಮ್ಮೆಗೆ ಒಂದನ್ನೇ ಕೈಗೆತ್ತಿಕೊಳ್ಳಿ. ರೇಟಿಂಗ್ ದಿನದಿನಕ್ಕೆ ಏರಿಳಿಯುವುದು ಸಹಜ, ಎರಡು ತಾಣಗಳ ರೇಟಿಂಗ್‌ಗಳನ್ನು ಹೋಲಿಸುವುದರಿಂದ ಪ್ರಯೋಜನವೂ ಇಲ್ಲ. 20ನೇ ನಡೆಯಲ್ಲಿ ನಿಮ್ಮ ಗಡಿಯಾರದಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅಳತೆಯಾಗಿ ಇಟ್ಟುಕೊಳ್ಳಿ. ಮುಂದಿನ 40 ಆಟಗಳನ್ನು ಅದೇ ನೋಟ್‌ಬುಕ್ಕಿನ ಎದುರು ಪುಟದಲ್ಲಿ ಸಾಲಿಗೆ ಸಾಲು ಸರಿಹೊಂದುವಂತೆ ಬರೆಯಿರಿ. ನನ್ನ ಅಕ್ಕನ ಮಗನ ಎರಡನೇ ಪುಟದಲ್ಲಿ ಎ5ರ ಕುದುರೆ ಮೂರು ಸಲ ಬಂದಿದೆ, ಮೂರೂ ಸಲ 2 ಸೆಕೆಂಡಿನ ಒಳಗೆ. ರಾತ್ರಿ 11ರ ಆಟಗಳು ಮಾತ್ರ ಇನ್ನೂ ಹಾಗೆಯೇ ಇವೆ. ಈ ಸಲದ ಕೊಯ್ಲು ಮುಗಿಯುವ ಮೊದಲೇ ಅವನ್ನು ನಿಲ್ಲಿಸುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.