ಲೆಕ್ಕ ಕೈಸೇರಿದ ಮೇಲೆ ಉಳಿಯುವ 15 ದಿನ

"ಸಾರ್, ಅವರು ಕೋಟಿಗಟ್ಟಲೆ ಸುರಿದಿದ್ದಾರೆ, ಇಡೀ ಕ್ಷೇತ್ರಕ್ಕೇ ಗೊತ್ತು." 2023ರ ವಿಧಾನಸಭಾ ಚುನಾವಣೆಯಲ್ಲಿ ಸೋತ ನನ್ನ ಕಕ್ಷಿದಾರರ ಮೊದಲ ಮಾತು ಇದು. ಯಾವ ದಿನ, ಯಾವ ಊರು, ಯಾರ ಕೈಯಿಂದ, ಎಷ್ಟು ಅಂತ ಕೇಳಿದೆ. ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 83ನೇ ಕಲಮು ಬಯಸುವುದೂ ಇದೇ ವಿವರವನ್ನು.

ಗೆಲುವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಚುನಾವಣಾ ತಕರಾರು ಅರ್ಜಿಗೆ ಫಲಿತಾಂಶದಿಂದ 45 ದಿನ ಗಡುವು. ಗೆದ್ದವರು ಖರ್ಚಿನ ಲೆಕ್ಕ ಕೊಡಲು 30 ದಿನ. ಅವರು ಕೊನೆಯ ದಿನ ಕೊಟ್ಟರೆ ನಮಗೆ ಉಳಿಯುವುದು 15 ದಿನ. ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ಕಟ್ಟಿ ಆ ಲೆಕ್ಕ ನೋಡಬಹುದು, ದೃಢೀಕೃತ ನಕಲೂ ಪಡೆಯಬಹುದು. ನಾವು ಅದನ್ನು ಚುನಾವಣಾ ಆಯೋಗದ ವೆಚ್ಚ ವೀಕ್ಷಕರ ಶ್ಯಾಡೋ ರಿಜಿಸ್ಟರ್ (ಅಭ್ಯರ್ಥಿಯ ಖರ್ಚನ್ನು ಅವರ ತಂಡವೇ ಬರೆದಿಡುವ ಪುಸ್ತಕ) ಜೊತೆ ಸಾಲು ಸಾಲಾಗಿ ತಾಳೆ ನೋಡಿದೆವು. ರಿಜಿಸ್ಟರ್‌ನಲ್ಲಿದ್ದ ಕೆಲವು ಸಮಾವೇಶಗಳು ಗೆದ್ದವರ ಲೆಕ್ಕದಲ್ಲಿ ಇರಲೇ ಇಲ್ಲ.

ಹೊಸ ವಕೀಲರು ಎಡವುವುದು ಇಲ್ಲೇ. ಲೆಕ್ಕ ಬಚ್ಚಿಟ್ಟರು ಎಂದಷ್ಟೇ ತೋರಿಸಿದರೆ ಅದೇ ಕಾಯ್ದೆಯ ಕಲಮು 123(6)ರ ಭ್ರಷ್ಟ ಆಚರಣೆ ಆಗುವುದಿಲ್ಲ. ನಮ್ಮ ರಾಜ್ಯದ್ದೇ ಆದ ಎಲ್.ಆರ್. ಶಿವರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಒಟ್ಟು ಖರ್ಚು ಮಿತಿ ದಾಟಿರಬೇಕು. ನಮ್ಮ 2023ರ ಚುನಾವಣೆಯಲ್ಲಿ ಮಿತಿ 40 ಲಕ್ಷ, ಎದುರಾಳಿ ತೋರಿಸಿದ್ದು 26 ಲಕ್ಷ. ಅಂದರೆ 14 ಲಕ್ಷಕ್ಕೂ ಮೀರಿದ ಖರ್ಚನ್ನು ಒಂದೊಂದಾಗಿ ಸಾಬೀತು ಮಾಡಬೇಕು, ಅದೂ ಕ್ರಿಮಿನಲ್ ಕೇಸಿನಷ್ಟೇ ಕಟ್ಟುನಿಟ್ಟಾಗಿ. ಸೀರೆ, ಕುಕ್ಕರ್ ಹಂಚಿದ ಆರೋಪ 123(1)ರ ಲಂಚಕ್ಕೆ ಸೇರುತ್ತದೆ. ಅದನ್ನು ಇದರೊಳಗೆ ಬೆರೆಸಬಾರದು.

ಶಾಮಿಯಾನದವರನ್ನು ಬಿಲ್ ಪುಸ್ತಕದ ಸಮೇತ ಸಾಕ್ಷಿಗೆ ಕರೆಸಿದೆವು. ಮೊತ್ತ ಒಪ್ಪಿಕೊಂಡರು. ಪಾಟಿ ಸವಾಲಿನಲ್ಲಿ, "ಬುಕ್ ಮಾಡಿದ್ದು ಯಾರೋ ಹುಡುಗರು, ಕ್ಯಾಂಡಿಡೇಟ್ ಹೇಳಿದ್ದು ನನಗೆ ಗೊತ್ತಿಲ್ಲ" ಅಂದರು. ಅಭ್ಯರ್ಥಿಯೋ ಅವರ ಚುನಾವಣಾ ಏಜೆಂಟರೋ ಮಾಡಿದ, ಇಲ್ಲವೇ ಒಪ್ಪಿಗೆ ಕೊಟ್ಟ ಖರ್ಚು ಮಾತ್ರ ಲೆಕ್ಕಕ್ಕೆ ಬರುತ್ತದೆ. ಆ ಒಂದು ಉತ್ತರಕ್ಕೆ ಎರಡು ಸಮಾವೇಶಗಳು ಕೈಬಿಟ್ಟುಹೋದವು. ಕಾರ್ಯಕರ್ತರ ಮೊಬೈಲ್ ವಿಡಿಯೊಗಳಿಗೆ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ 65ಬಿ ಪ್ರಮಾಣಪತ್ರ (ಈಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮು) ಸಿಗಲಿಲ್ಲ, ಫೋನೇ ಬದಲಾಗಿತ್ತು. ಈ ಪ್ರಮಾಣಪತ್ರ ಬೇಕೇಬೇಕು ಎಂದ ಸುಪ್ರೀಂ ಕೋರ್ಟಿನ ಅನ್ವರ್ ತೀರ್ಪು ಬಂದಿದ್ದೂ ಚುನಾವಣಾ ತಕರಾರಿನಲ್ಲೇ. ಅದನ್ನು ಬಲ್ಲ ನಾನು ಮೊದಲ ದಿನವೇ ಫೋನ್ ತೆಗೆದಿರಿಸಿಕೊಳ್ಳಬೇಕಿತ್ತು.

ಕೊನೆಗೆ ಸಾಬೀತಾಗಿ ನಿಂತದ್ದು ಸುಮಾರು 9 ಲಕ್ಷ. ಅರ್ಜಿ ವಜಾ ಆಯಿತು. ಆ ತೀರ್ಪಿನ ನೋವು ಇನ್ನೂ ಆರಿಲ್ಲ.

ಈಗ ಯಾರೇ ಬಂದರೂ ನಾಮಪತ್ರದ ದಿನವೇ ಹೇಳುತ್ತೇನೆ: ಎದುರಾಳಿಯ ಸಭೆ ನಡೆದ ದಿನವೇ ವೆಚ್ಚ ವೀಕ್ಷಕರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ, ಶಾಮಿಯಾನ ಬುಕ್ ಮಾಡಿದವರ ಹೆಸರು ಆಗಲೇ ಬರೆದಿಡಿ.